ಕೊನೆಯ ಸಾಲು ಎರಡು ಸಲ

ಗಂಗಾವತಿ
ಬಿಸಿಲುಮಾಸ, ಮೂವತ್ತಾರನೆಯ ತಾರೀಖು, ಎರಡು ಸಾವಿರದ ನೂರ ತೊಂಬತ್ತೊಂದು

ಕುರುಡರಿಗೆಂದು ಪರದೆ ಓದುವ ತಂತ್ರಾಂಶ ಬರೆಯುತ್ತ ಕೂತಿರುವ ಹಳೆಯ ಕಾಲದ ಹಿರಿಯರಿಗೆ, ಹುಲಿಗೆಮ್ಮ ಕಾರಟಗಿ ಮಾಡುವ ನಮಸ್ಕಾರಗಳು.

ಮೊದಲಿಗೆ ತಾರೀಖಿನ ವಿಚಾರ. ಅದು ತಪ್ಪಲ್ಲ, ತಿದ್ದಲು ಹೋಗಬೇಡಿ. ನಿಮ್ಮ ಕಾಲದಲ್ಲಿ ಹನ್ನೆರಡೇ ತಿಂಗಳಿದ್ದವೆಂದು ಕೇಳಿದ್ದೇನೆ. ಬೇಸಿಗೆಯಲ್ಲಿ ಹೊರಗೆ ಕಾಲಿಡುವುದೇ ಆಗದ ಹಾಗಾದ ಮೇಲೆ ನಮ್ಮ ಹಿರಿಯರು ಏಪ್ರಿಲ್ಲಿನ ಬಾಲವನ್ನೂ ಮೇ ತಿಂಗಳ ತಲೆಯನ್ನೂ ಕತ್ತರಿಸಿ, ಎರಡನ್ನೂ ಸೇರಿಸಿ ಹೊಲಿದು, ಇನ್ನೊಂದು ತಿಂಗಳು ಮಾಡಿಕೊಂಡರು. ಅದೇ ಬಿಸಿಲುಮಾಸ. ಆ ತಿಂಗಳಲ್ಲಿ ಕೋರ್ಟಿಲ್ಲ, ಶಾಲೆಯಿಲ್ಲ, ಲಗ್ನವಂತೂ ಇಲ್ಲವೇ ಇಲ್ಲ. ಅದಕ್ಕೆ ಎಷ್ಟು ದಿನ ಎಂಬುದನ್ನು ಬಿಸಿಲೇ ಹೇಳಬೇಕು. ಈ ಸಲ ಮೂವತ್ತಾರಾದರೂ ಇಳಿಯುವ ಲಕ್ಷಣವಿಲ್ಲ. ನನ್ನ ಮಾತುಗಳಲ್ಲಿಯೂ ಇಂಥ ವಿಚಿತ್ರಗಳು ಕಂಡಾವು, ಕ್ಷಮೆ ಇರಲಿ. ನಿಮ್ಮ ಮಾತುಗಳೂ ನನಗೆ ಹಾಗೆಯೇ ಇವೆ. ನೀವು 'ಬಗ್' ಎನ್ನುತ್ತಿದ್ದುದನ್ನು ನಾವು 'ಮುಳ್ಳು' ಎನ್ನುತ್ತೇವೆ. ನೀವು 'ಅಪ್‌ಡೇಟ್' ಎನ್ನುತ್ತಿದ್ದುದು ನಮಗೆ 'ಹೊಸ ನೀರು'. ಹೊಳೆಯ ದಂಡೆಯವರು ನಾವು. ಹೊಸ ನೀರು ಬಂತೆಂದರೆ ಖುಷಿಪಡುವ ಮೊದಲು ಅದು ಏನೇನನ್ನು ಹೊತ್ತು ತಂದಿದೆ ನೋಡುತ್ತೇವೆ.

ನಾನು ಕುರುಡಿ. ಹಾಗೆಂದೇ ಬರೆಯುತ್ತೇನೆ. ನೀವು ನಮಗಾಗಿ ಹೊಲಿದ ನಯವಾದ ಹೆಸರುಗಳೆಲ್ಲ ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಹರಿದುಹೋದವು. ಗಂಗಾವತಿಯ ಜುಲೈನಗರದ ತಿರುವಿನಲ್ಲಿ ನನ್ನದೊಂದು ಗುಳಿಗೆ ಅಂಗಡಿ ಇದೆ. ಯಾರ ಮನೆಗೆ ಯಾವ ವಾರ ಯಾವ ಗುಳಿಗೆ ಹೋಗಬೇಕೆಂದು ಆಸ್ಪತ್ರೆಯಿಂದ ಪಟ್ಟಿ ಬರುತ್ತದೆ. ನಾನು ಹೊತ್ತು ಹೊತ್ತಿಗೆ ಬೇರೆ ಪೊಟ್ಟಣ ಕಟ್ಟಿ ಕಳಿಸುತ್ತೇನೆ. ಮೊದಲು ಬೇರೆಯವರು ಕಟ್ಟಿದ ಪೊಟ್ಟಣಗಳನ್ನು ಬುಟ್ಟಿಯಲ್ಲಿ ಹೊತ್ತು ಓಣಿ ಓಣಿ ತಿರುಗಿದವಳು. ಬಾಗಿಲಲ್ಲಿ ನಿಂತು ಮಾತಾಡಿಸಿ, ಯಾರ ಮನೆಯಲ್ಲಿ ಗುಳಿಗೆಯನ್ನು ತುಳಸಿ ಕಟ್ಟೆಗೆ ಹಾಕುತ್ತಾರೆ, ಯಾರು ಗಂಡನದನ್ನು ತಾವು ನುಂಗುತ್ತಾರೆ, ಎಲ್ಲವನ್ನೂ ತಿಳಿದುಕೊಂಡ ಮೇಲೆಯೇ ಅಂಗಡಿ ಇಟ್ಟೆ. ಯಾವ ಮಾತಿಗೆ ಎಷ್ಟು ತೂಕ, ಯಾವ ಉಪಕಾರದ ಹಿಂದೆ ಏನು ಹೊರೆ ಎಂದು ಅಳೆಯುವ ಚಟ ಅಲ್ಲಿಯೇ ಅಂಟಿದ್ದು. ಇನ್ನೂ ಬಿಟ್ಟಿಲ್ಲ.

ನನಗೆ ಡಬ್ಬಿಯ ಹೆಸರನ್ನೂ ಪಟ್ಟಿಯ ಸಾಲನ್ನೂ ಓದಿ ಹೇಳುವುದು ಸೊಲ್ಲು. ನಿಮ್ಮ ಸ್ಕ್ರೀನ್ ರೀಡರಿನ ಮರಿಮಗಳು ಎಂದಿಟ್ಟುಕೊಳ್ಳಿ. ಕಡಲೆಕಾಳಿನಷ್ಟು ದೊಡ್ಡದು, ಕಿವಿಯ ಹಿಂದಿನ ಎಲುಬಿಗೆ ಅಂಟಿ ಕೂತಿರುತ್ತದೆ. ಡಬ್ಬಿ, ಬಾಗಿಲು, ಬಸ್ಸಿನ ಬೋರ್ಡು, ಕೋರ್ಟಿನ ನೋಟೀಸು, ಎಲ್ಲವೂ ಅದರ ಬಾಯಿಂದಲೇ ನಮಗೆ ಗೊತ್ತಾಗಬೇಕು. ನಾವು ಅದಕ್ಕೆ ಹೇಳುವುದು ಬೆರಳಿನಿಂದ. ತೊಡೆಯ ಮೇಲೆ ತಟ್ಟುತ್ತೇವೆ. ಮುಂದೆ ಹೋಗು, ಹಿಂದೆ ಬಾ, ಇನ್ನೊಮ್ಮೆ ಹೇಳು, ಸುಮ್ಮನಿರು. ಒಂದೊಂದಕ್ಕೂ ಒಂದೊಂದು ತಟ್ಟು. ಇದನ್ನು ಯೋಚಿಸಿ ಮಾಡುವುದಿಲ್ಲ. ನೀವು ಕಣ್ಣು ಮಿಟುಕಿಸುವಾಗ ಯೋಚಿಸುತ್ತೀರಾ?

ನಮ್ಮಜ್ಜಿಯ ಕಾಲದಲ್ಲಿ ಸೊಲ್ಲಿನ ಮೇಲೆ ಪೂರ್ತಿ ಅಧಿಕಾರ ಅದನ್ನು ತಯಾರಿಸುವ ಏಕಧ್ವನಿ ಮಂಡಳಿಯದಾಗಿತ್ತು. ರಾತ್ರಿ ಮಲಗಿದಾಗ ಹೊಸ ನೀರು ಬಿಡುತ್ತಿದ್ದರು, ಬೆಳಿಗ್ಗೆ ಏಳುವಷ್ಟರಲ್ಲಿ ನಮ್ಮ ಕಿವಿಯೊಳಗಿನ ಮನೆಯ ಬಾಗಿಲು ಬೇರೆ ಗೋಡೆಗೆ ಹೋಗಿರುತ್ತಿತ್ತು. ಒಂದು ಸೋಮವಾರದ ಹೊಸ ನೀರಿನಲ್ಲಿ ಒಂದೂ ಮುಳ್ಳಿರಲಿಲ್ಲ. ಎಲ್ಲವನ್ನೂ ಪರೀಕ್ಷಿಸಿ, ತಟ್ಟುಗಳನ್ನು ಹೆಚ್ಚು ಅಚ್ಚುಕಟ್ಟಾಗಿ ಜೋಡಿಸಿದ್ದರು, ಅಷ್ಟೇ. ಆ ಅಚ್ಚುಕಟ್ಟಿನಲ್ಲಿ 'ಸುಮ್ಮನಿರು' ಇದ್ದ ಜಾಗಕ್ಕೆ 'ಒಪ್ಪಿಗೆ' ಬಂದು ಕೂತಿತ್ತು. ಸುಮ್ಮನಿರು ಎಂದು ತಟ್ಟಿದವರೆಲ್ಲ ಒಪ್ಪಿಬಿಟ್ಟಿದ್ದರು. ಒಬ್ಬರು ಮನೆ ಖಾಲಿ ಮಾಡಲು, ಇನ್ನೊಬ್ಬರು ಆಪರೇಷನ್ನಿಗೆ, ನಮ್ಮಜ್ಜಿ ಆವತ್ತು ಹೆಣ್ಣು ಕೇಳಿ ಕಳಿಸಿದ್ದ ಒಬ್ಬ ಗಂಡಿಗೆ. ಉಳಿದವರು ಅತ್ತು ಕರೆದು ತಮ್ಮ ಒಪ್ಪಿಗೆ ಹಿಂದಕ್ಕೆ ತೆಗೆದುಕೊಂಡರು. ಅಜ್ಜಿ ಮಾತ್ರ ಇರಲಿ ಬಿಡು ಎಂದಳು. ಆದರೆ ಸಾಯುವ ತನಕ ಅಜ್ಜನಿಗೆ, ನೀನು ಬಂದಿದ್ದು ನನ್ನ ಮನಸ್ಸಿನಿಂದಲ್ಲ, ಮಂಡಳಿಯ ತಿದ್ದುಪಡಿಯಿಂದ ಎಂದು ಚುಚ್ಚುತ್ತಿದ್ದಳು. ಆ ದಿನಕ್ಕೆ ನಾವು 'ನಯವಾದ ಸೋಮವಾರ' ಎನ್ನುತ್ತೇವೆ.

ಆ ವಾರ ಕುರುಡರೆಲ್ಲ ಸೊಲ್ಲು ಕಿತ್ತು ಬುಟ್ಟಿಗೆ ಹಾಕಿ ಮಂಡಳಿಯ ಬಾಗಿಲಲ್ಲಿ ಕೂತರು. ಕೂತು ಗಿಟ್ಟಿಸಿದ್ದು ಚಿಲಕ. ಚಿಲಕವೆಂದರೆ ಕಾನೂನು, ಒಂದು ಊರಿನ ಕುರುಡರು ಒಳಗಿನಿಂದ ತೆಗೆಯದೆ ಆ ಊರಿನ ಸೊಲ್ಲಿಗೆ ಹೊಸ ನೀರು ಬರಕೂಡದು. ನಮ್ಮವರ ಮೂರ್ಖತನವನ್ನೂ ಮುಚ್ಚಿಡುವುದಿಲ್ಲ. ಚಿಲಕ ಸಿಕ್ಕ ಹುರುಪಿನಲ್ಲಿ ಬಹಳ ವರ್ಷ ಯಾರೂ ಅದನ್ನು ತೆಗೆಯಲೇ ಇಲ್ಲ. ಸೊಲ್ಲು ಹಳೆಯದಾಯಿತು, ಹೊಸ ಬಾಗಿಲುಗಳ ಗುರುತು ಅದಕ್ಕೆ ಹತ್ತಲಿಲ್ಲ, ಜನ ಗೋಡೆಗೆ ಹಣೆ ಬಡಿದುಕೊಂಡು ಇದು ನಮ್ಮ ಹೆಮ್ಮೆ ಎಂದರು. ಹಣೆ ಸಾಕೆಂದಾಗ ಜೋಡಿ ಊಟದ ಪದ್ಧತಿ ಶುರುವಾಯಿತು.

ಜೋಡಿ ಊಟ ಹೀಗೆ. ಯಾವ ಮುಳ್ಳನ್ನು ತೆಗೆಯಬೇಕಾದರೂ ಇಬ್ಬರು ಕುರುಡರು ಎದುರುಬದುರು ಊಟಕ್ಕೆ ಕೂರಬೇಕು. ಒಬ್ಬರು ಆ ಮುಳ್ಳು ಚುಚ್ಚಿಸಿಕೊಂಡವರು. ಅವರಿಗೆ 'ಬಿದ್ದವರು' ಎಂದು ಹೆಸರು. ಇನ್ನೊಬ್ಬರು ಅದೇ ಮುಳ್ಳನ್ನು ಹಿಡಿದುಕೊಂಡು ಬದುಕು ಕಟ್ಟಿದವರು, ಅವರು 'ಒಗ್ಗಿದವರು'. ಬಡಿಸುವವರು ತಿದ್ದುಗರು, ಎಂದರೆ ಸೊಲ್ಲಿನ ಮೂಲಬರಹ ಬಲ್ಲವರು. ಬಡಿಸುವವರಿಗೆ ಮಾತಾಡುವ ಹಕ್ಕಿಲ್ಲ, ಕೇಳಿಸಿಕೊಳ್ಳುವ ಕೆಲಸ ಮಾತ್ರ. ಇಬ್ಬರೂ ಒಪ್ಪಿ ಒಂದೇ ತಂಬಿಗೆಯ ನೀರಿನಲ್ಲಿ ಕೈ ತೊಳೆದರೆ ಚಿಲಕ ತೆಗೆಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಗುಂಡಿ ಕೊಟ್ಟು ಬೇಕಾದ ಹಾಗೆ ಇಟ್ಟುಕೊಳ್ಳಿ ಎಂದರಾಯಿತಲ್ಲ ಎಂದು ನೀವು ಕೇಳುವುದು ನನಗಿಲ್ಲಿಗೆ ಕೇಳಿಸುತ್ತದೆ. ಅದನ್ನೂ ಮಾಡಿ ನೋಡಿದ್ದಾರೆ. ಗುಂಡಿಗಳು ಸೊಲ್ಲಿಗಿಂತ ದೊಡ್ಡವಾದವು. ಒಂದನ್ನು ಸರಿಮಾಡಿದರೆ ಇನ್ನೆಲ್ಲೋ ಮತ್ತೊಂದು ಕೆಡುತ್ತಿತ್ತು.

ಈಗ ನನ್ನ ಮುಳ್ಳಿಗೆ ಬರುತ್ತೇನೆ. ನಮ್ಮ ಸೊಲ್ಲು ಯಾವ ಪಟ್ಟಿ ಓದಿದರೂ ಕೊನೆಯ ಸಾಲನ್ನು ಎರಡು ಸಲ ಓದುತ್ತದೆ. ಯಾಕೆಂದು ಯಾರಿಗೂ ನೆನಪಿಲ್ಲ. ನಿಮ್ಮಲ್ಲೇ ಯಾರೋ ಊಟಕ್ಕೆ ಏಳುವ ಅವಸರದಲ್ಲಿ ಬಿಟ್ಟು ಹೋದದ್ದಿರಬೇಕು. ಗುಳಿಗೆ ಕಟ್ಟುವವಳಿಗೆ ಇದು ಆಟವಲ್ಲ. ಒಂದೇ ಗುಳಿಗೆಯನ್ನು ಎರಡು ಸಲ ಬರೆಯುವ ವೈದ್ಯರೂ ಇದ್ದಾರೆ, ಕೆಲವರಿಗೆ ಬೇಕೂ ಆಗುತ್ತದೆ. ಹಾಗಾಗಿ ಎರಡನೆಯದು ವೈದ್ಯರದೋ ಸೊಲ್ಲಿನದೋ ಹೇಳುವುದು ಹೇಗೆ? ನಿವೃತ್ತ ಟೀಚರು ಶಾಂತಮ್ಮ ಹೊಸಕೇರಿಯವರಿಗೆ ಒಂದು ವಾರ ರಕ್ತದೊತ್ತಡದ ಗುಳಿಗೆ ಎರಡೆರಡು ಹೋಯಿತು. ಮೆಟ್ಟಿಲ ಮೇಲೆ ಬಿದ್ದರು. ಬದುಕಿದರು, ಪುಣ್ಯ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಅಂಗಡಿಗೆ ಬಂದು, ನನ್ನ ಮ್ಯಾಲೆ ನಿನಗ ಇಷ್ಟ ಪ್ರೀತಿ ಐತಿ ಅಂತ ಗೊತ್ತಿರಲಿಲ್ಲ ಹುಲಿಗೆವ್ವ ಎಂದರು. ಆವತ್ತಿನಿಂದ ಆಸ್ಪತ್ರೆಯವರ ಕೈಯಲ್ಲಿ ಎಲ್ಲ ಪಟ್ಟಿಗಳ ಕೊನೆಗೆ 'ಬೆಲ್ಲದ ಚೂರು' ಎಂದು ಬರೆಸಿದೆ. ಸೊಲ್ಲು ಬೇಕಾದರೆ ಅದನ್ನು ಎರಡು ಸಲ ಓದಲಿ, ಬೆಲ್ಲ ತಿಂದು ಮೆಟ್ಟಿಲಿನಿಂದ ಬಿದ್ದವರಿಲ್ಲ. ಹೀಗಾಗಿ ನನ್ನ ಪೊಟ್ಟಣದಲ್ಲಿ ಎರಡು ಚೂರು ಬೆಲ್ಲ ಇರುವುದು ಊರಿಗೆಲ್ಲ ಪ್ರಸಿದ್ಧಿ. ಸಕ್ಕರೆ ಕಾಯಿಲೆಯವರಿಗೆ ಉಪ್ಪಿನ ಹರಳು. ಆದರೆ ತುರ್ತಿನ ಪಟ್ಟಿಗಳು ಹೊರಗಿನ ಆಸ್ಪತ್ರೆಗಳಿಂದ ಬರುತ್ತವೆ, ಅವರಿಗೆ ಬೆಲ್ಲದ ನೆನಪು ಇರುವುದಿಲ್ಲ. ಹಾಗಾಗಿ ನಾನು ಬಿದ್ದವಳೆಂದು ಹೆಸರು ಕೊಟ್ಟೆ.

ನನ್ನೆದುರು ಕೂತ ಒಗ್ಗಿದವನು ಯಂಕೋಬಣ್ಣ. ಆನೆಗುಂದಿಯ ಬಂಡೆಗಳಿಂದ ಹೊಳೆಯ ಆಚೆ ದಂಡೆಗೆ ಹಗ್ಗದ ಮೇಲೆ ತೂಗುಬಂಡಿ ಓಡುತ್ತದೆ. ಅದರ ಬಾಗಿಲು ಹಾಕುವವನು ಅವನು. ಹತ್ತಿದವರ ಹೆಸರುಗಳು ಪಟ್ಟಿಯಾಗಿ ಅವನ ಸೊಲ್ಲಿಗೆ ಬರುತ್ತವೆ. ಅವನು ಕೇಳುವ ವೇಗವನ್ನು ನೀವು ಕೇಳಿದರೆ ಮಾತೆನ್ನುವುದಿಲ್ಲ, ಯಾರೋ ಬಾಣಲೆಯಲ್ಲಿ ಕಡಲೆ ಹುರಿಯುತ್ತಿದ್ದಾರೆ ಎನ್ನುತ್ತೀರಿ. ಆ ಕಡಲೆಯ ಸದ್ದಿನಲ್ಲಿ ಒಂದೇ ಹೆಸರು ಎರಡು ಸಲ ಸಿಡಿಯಿತೆಂದರೆ ಪಟ್ಟಿ ಮುಗಿಯಿತು, ಎಲ್ಲರೂ ಒಳಗಿದ್ದಾರೆ ಎಂದು ಅವನ ಕೈ ತಾನಾಗಿ ಹಿಡಿಕೆ ಎಳೆಯುತ್ತದೆ. ಮೂವತ್ತು ವರ್ಷದ ಕೈ.

ಮೂರು ಸಲ ಊಟಕ್ಕೆ ಕೂತೆವು. ಮೊದಲನೆಯ ಸಲ ಅವನು ನಾನು ತಂದ ಹೋಳಿಗೆಯನ್ನು ಹೊಗಳಿ, ಮುಳ್ಳಿನ ಮಾತು ಬಂದಾಗ ಕಿವಿ ಕೇಳಿಸದವನಂತೆ ನಟಿಸಿದ. ಎರಡನೆಯ ಸಲ, ಒಮ್ಮೆ ಪರೀಕ್ಷೆ ಮಾಡೋಣ ಎಂದು ಒಪ್ಪಿದ. ನಮ್ಮ ತಿದ್ದುಗಿ ಪೀರಾಂಬಿ, ಬಹಳ ಚುರುಕಿನ ಹೆಣ್ಣುಮಗಳು, ಅವನ ಒಬ್ಬನ ಸೊಲ್ಲಿನಿಂದ, ಎರಡು ದಿನದ ಮಟ್ಟಿಗೆ ಮಾತ್ರ, ಮುಳ್ಳು ತೆಗೆದು ಕೊಟ್ಟಳು. ಮರುದಿನವೇ ಅವನ ಕೈ ಎಡವಿತು. ಬಾಗಿಲಿಗೆ ಒಬ್ಬ ಹುಡುಗಿಯ ಲಂಗದ ಅಂಚು ಸಿಕ್ಕಿಕೊಂಡಿತು, ಬಂಡಿ ಅಲುಗಿತು, ಯಾರೋ ಕಿರುಚಿದ್ದರಿಂದ ನಿಲ್ಲಿಸಿದ. ಲಂಗ ಹರಿಯಿತು, ಹುಡುಗಿ ಉಳಿದಳು. ಮೂರನೆಯ ಊಟಕ್ಕೆ ಅವನು ಬಂದದ್ದು ಉಣ್ಣಲಿಕ್ಕಲ್ಲ.

"ತಂಗಿ, ನಿನಗ ಚುಚ್ಚೋದು ನನಗ ಊರುಗೋಲೈತಿ. ಕಸಗೊಂಡು ಹೋಗ್ತೀನಂದರ ಹೋಗು. ಬಾಗಿಲದಾಗ ನಿಂತ ಹುಡುಗೀನ ನೀ ಬಂದು ಹಿಡೀತೀ ಏನು?"

ನಾನು ಶಾಂತಮ್ಮ ಟೀಚರ ಸೊಂಟದ ಮಾತು ತೆಗೆದೆ. ಅವನು ಹುಡುಗಿಯ ಲಂಗದ ಮಾತನ್ನೇ ಮತ್ತೆ ತೆಗೆದ. ತಂಬಿಗೆ ಮುಟ್ಟದೆ ಒಣ ಕೈಯಲ್ಲೇ ಎದ್ದೆವು.

ಇದೇ ಹೊತ್ತಿಗೆ ಮಂಡಳಿಯಿಂದ ಕೀರ್ತಿಧರ ಎಂಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಚಪ್ಪಲಿ ಹೊರಗೆ ಬಿಟ್ಟು ಬಂದರು, ಬೆಲ್ಲ ಕೊಟ್ಟರೆ ತಿಂದರು. ಮಂಡಳಿ ಈಗ ತನ್ನನ್ನು ತಾನೇ ತಿದ್ದಿಕೊಳ್ಳುವ ಸೊಲ್ಲು ಮಾಡಿದೆ. ಯಾರಿಗೆ ಎಲ್ಲಿ ಚುಚ್ಚಿತೆಂದು ಅದಕ್ಕೇ ಗೊತ್ತಾಗುತ್ತದೆ, ಆ ಕ್ಷಣವೇ ಸರಿಮಾಡಿಕೊಳ್ಳುತ್ತದೆ. ಅಡ್ಡ ಇರುವುದು ಚಿಲಕ ಒಂದೇ. ಒಂದು ಊರಿನ ಬಿದ್ದವರೊಬ್ಬರು ಚಿಲಕ ಬೇಡವೆಂದು ಒಪ್ಪಿಗೆ ಕೊಟ್ಟರೆ ಆ ಊರಿನ ಮಟ್ಟಿಗೆ ಕಾನೂನು ತೆಗೆಯಬಹುದು. ನಾನು ಒಪ್ಪಿದರೆ ನಾಳೆ ಬೆಳಿಗ್ಗೆ ಎದ್ದಾಗ ನನ್ನ ಮುಳ್ಳು ಇರುವುದಿಲ್ಲ. ಇಷ್ಟನ್ನು ಹೇಳಿ, ಬಹಳ ಮೆತ್ತಗೆ ಇನ್ನೊಂದು ಮಾತು ಸೇರಿಸಿದರು.

"ಹುಲಿಗೆಮ್ಮ ಅವರೇ, ಇಬ್ಬರು ಊಟ ಮಾಡಿ ಮುಗಿಸುವ ತನಕ ಇನ್ನೆಷ್ಟು ಜನ ಮೆಟ್ಟಿಲಿಂದ ಬೀಳಬೇಕು?"

ಈ ಮಾತು ತೂಕದ್ದೇ. ನಾನು ಅದನ್ನು ಅಗ್ಗ ಮಾಡುವುದಿಲ್ಲ, ನೀವೂ ಮಾಡಬೇಡಿ. ತಡಮಾಡುವುದಕ್ಕೂ ಬೆಲೆ ಇದೆ, ಅದನ್ನು ತೆರುವವರು ಊಟಕ್ಕೆ ಕೂತವರಲ್ಲ. ನಾನು ಕೇಳಿದೆ, ಯಂಕೋಬಣ್ಣನ ಹುಡುಗಿಯ ಗತಿ? ಅವನ ಕೈ ಎಡವಿದರೆ ಸೊಲ್ಲು ಅದನ್ನೂ ತಿಳಿದು ಅವನಿಗೆ ಬೇರೆ ದಾರಿ ಮಾಡಿಕೊಡುತ್ತದೆ ಎಂದರು. ಎಡವಿದ ಮೇಲೆ ತಾನೇ ಎಂದೆ. ಹೌದು, ಎಡವದೆ ಅದಕ್ಕೆ ಹೇಗೆ ಗೊತ್ತಾಗಬೇಕು ಎಂದರು, ಪ್ರಾಮಾಣಿಕವಾಗಿಯೇ. ಆಮೇಲೆ ಅದು ನನಗೇ ಇನ್ನೊಂದು ಕಡೆ ಚುಚ್ಚಿದರೆ ಯಾರಿಗೆ ಹೇಳಲಿ ಎಂದೆ. ಹೇಳುವ ಅಗತ್ಯವೇ ಇರುವುದಿಲ್ಲ ಎಂದರು.

ಅಲ್ಲಿಗೆ ನನಗೆ ಲೆಕ್ಕ ತಾಳೆಯಾಯಿತು. ಬಾಲ್ಯದಿಂದ ನನಗೆ ಏನು ಬೇಕೆಂದು ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ರಸ್ತೆ ದಾಟಿಸುತ್ತೇವೆಂದು ನಾನು ದಾಟಬೇಕಿಲ್ಲದ ರಸ್ತೆಗಳನ್ನೆಲ್ಲ ದಾಟಿಸಿದ್ದಾರೆ. ಹೇಳುವ ಅಗತ್ಯವಿಲ್ಲ ಎಂದವರಿಗೆ ನನ್ನ ಬಾಯಿ ಒಂದು ಅಡಚಣೆ.

"ಸಾಹೇಬ್ರ, ನಿಮ್ಮ ಸೊಲ್ಲು ನನ್ನ ಮುಳ್ಳ ತಗೀತೈತಿ, ಖರೇ. ನಾ 'ಬ್ಯಾಡ' ಅನ್ನೋದನ್ನೂ ಕೂಡೇ ತಗೀತೈತಿ. ಒಪ್ಪಿಗಿ ಕೊಡಂಗಿಲ್ಲ, ಹೋಗಿ ಬರ್ರಿ."

ಅವರಿಗೆ ನಿಜಕ್ಕೂ ನೋವಾಯಿತು. ಹೊರಡುವಾಗ, ಇದು ಬೆದರಿಕೆಯಲ್ಲ, ಆದರೆ ಬಿಸಿಲುಮಾಸ ಮುಗಿದ ದಿನದಿಂದ ಹೊಸ ಗುಳಿಗೆ ಡಬ್ಬಿಗಳ ಗುರುತು ಹೊಸ ಸೊಲ್ಲಿಗೆ ಮಾತ್ರ ಓದಲು ಬರುತ್ತದೆ ಎಂದು ತಿಳಿಸಿದರು. ಚಿಲಕ ಹಾಕಿಕೊಂಡ ಊರಿನಲ್ಲಿ ಕುರುಡಿಯೊಬ್ಬಳು ಗುಳಿಗೆ ಕಟ್ಟುವುದು ಕಷ್ಟವಾದೀತು ಎಂದರು. ಅಂದರೆ ಅಂಗಡಿ ಮುಚ್ಚುತ್ತದೆ. ಬೆದರಿಕೆಯಲ್ಲದ್ದು ಬೆದರಿಕೆಗಿಂತ ಭಾರವಾಗಿ ಕೂರುತ್ತದೆ, ಅನುಭವಿಸಿ ನೋಡಿ.

ಆ ಸಂಜೆಯೇ ಆನೆಗುಂದಿಗೆ ಹೋಗಿ ಯಂಕೋಬಣ್ಣನ ತೂಗುಬಂಡಿಯ ಕಟ್ಟೆ ಹತ್ತಿದೆ. ಸಿಟ್ಟು ನೆತ್ತಿಗೇರಿತ್ತು, ಅದರಲ್ಲಿ ಅರ್ಧಪಾಲು ಅವನ ಮೇಲೆ. ನಿನ್ನ ಊರುಗೋಲಿಗಾಗಿ ನನ್ನ ಅಂಗಡಿಯನ್ನು ಒಡ್ಡಿ ಬಂದಿದ್ದೇನೆ ಎಂದೆ. ಚಿಲಕ ಇರುವುದು ತೆಗೆಯಲಿಕ್ಕೂ ಹೌದು. ಬರೀ ಹಾಕಿಕೊಂಡು ಕೂರುವುದಾದರೆ ಅದರ ಬದಲು ಗೋಡೆ ಕಟ್ಟಿಸಿಕೊಳ್ಳಬೇಕಿತ್ತು ಎಂದೆ. ನೀನು ಹೀಗೇ ತಲೆ ಆಡಿಸುತ್ತ ಕೂತರೆ ಮಂಡಳಿಯವರು, ನೋಡಿ, ಈ ಜನ ಒಂದು ಮುಳ್ಳನ್ನೂ ತೆಗೆಯಲಾರರು ಎನ್ನುತ್ತಾರೆ, ಅದು ನಿಜವೂ ಆಗುತ್ತದೆ ಎಂದೆ. ಇನ್ನೂ ಬಹಳ ಅಂದೆ, ಅವೆಲ್ಲ ಕಾಗದಕ್ಕೆ ಹಾಕುವಂಥವಲ್ಲ. ಅವನು ಒಂದು ಬಂಡಿ ಕಳಿಸಿದ, ಇನ್ನೊಂದನ್ನು ಬರಮಾಡಿಕೊಂಡ. ಆಮೇಲೆ ಕೇಳಿದ.

"ಎರಡು ಸಲ ಹೆಸರು ಬ್ಯಾಡ, ಬಿಡು. ಮುಗೀತು ಅಂತ ನನಗ ಯಾರ್ ಹೇಳವರು? ಬಾಗಲಾ ಬಡದಂಗ ಒಂದು ಸಪ್ಪಳ ಆದರ ಆದೀತು."

ಮೂರು ಊಟಗಳಲ್ಲಿ ಯಾರಿಗೂ ಹೊಳೆಯದಿದ್ದ ಮಾತು. ಹೊಳೆಯದಿದ್ದುದಕ್ಕೆ ಕಾರಣವೂ ಇದೆ. ನಾವು ಮುಳ್ಳು ತೆಗೆಯಬೇಕೋ ಬೇಡವೋ ಎಂದು ಎಳೆದಾಡುತ್ತಿದ್ದೆವು. ಅವನು ಮುಳ್ಳಿನಿಂದ ಏನು ಕೆಲಸ ಮಾಡಿಸಿಕೊಳ್ಳುತ್ತಿದ್ದ ಎಂದು ನಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಪೀರಾಂಬಿ ಪರೀಕ್ಷೆಗೆಂದು ಅವನ ಸೊಲ್ಲಿನಲ್ಲಿ ಪಟ್ಟಿಯ ಕೊನೆಗೆ ಒಂದು ಬಡಿತ ಇಟ್ಟುಕೊಟ್ಟಳು, ಮರದ ಬಾಗಿಲಿಗೆ ಗೆಣ್ಣಿನಿಂದ ಬಡಿದ ಹಾಗೆ. ಅವನು ಅವಸರಪಡಲಿಲ್ಲ, ನಾವೂ ಪಡಿಸಲಿಲ್ಲ. ಬಿಸಿಲುಮಾಸದಲ್ಲಿ ಬಂಡಿಗಳು ಖಾಲಿ ಓಡುತ್ತವೆ. ಎದುರು ದಂಡೆಗೆ ಬರೀ ಜೋಳದ ಚೀಲಗಳನ್ನು ಹತ್ತಿಸಿ, ಒಂದೊಂದು ಚೀಲಕ್ಕೂ ತನಗಾಗದವರ ಹೆಸರಿಟ್ಟು, ಬಡಿತ ಕೇಳಿ ಬಾಗಿಲು ಹಾಕುವುದನ್ನು ಕೈಗೆ ಕಲಿಸಿದ. ಅಷ್ಟು ದಿನ ಹಳೆಯ ಎರಡು ಸಲವೂ ಹೊಸ ಬಡಿತವೂ ಜೊತೆಗೇ ಇದ್ದವು. ಒಂದು ದಿನ ಅವನೇ, ಎರಡನೆಯ ಹೆಸರು ಈಗ ನಡುವೆ ಅಡ್ಡ ಬರುತ್ತಿದೆ, ತೆಗೆದುಬಿಡು ಎಂದ. ನಿನ್ನೆ ನಾಲ್ಕನೆಯ ಊಟ ಮುಗಿಯಿತು. ಒಂದೇ ತಂಬಿಗೆಯಲ್ಲಿ ಕೈ ತೊಳೆದೆವು.

ಇವತ್ತು ಬೆಳಿಗ್ಗೆ ಮೊದಲ ಸಲ ಸೊಲ್ಲು ನನಗೆ ಬೆಲ್ಲವನ್ನು ಒಂದೇ ಸಲ ಹೇಳಿ, ಟಕ್ ಎಂದು ಸುಮ್ಮನಾಯಿತು. ಖುಷಿಪಡಬೇಕಾದವಳು ಕೈಯಲ್ಲಿ ಎರಡನೆಯ ಚೂರು ಹಿಡಿದುಕೊಂಡು ಕೂತೇ ಇದ್ದೆ. ನಾನೂ ಒಗ್ಗಿಬಿಟ್ಟಿದ್ದೆ ನೋಡಿ. ಆ ಚೂರನ್ನು ಪೊಟ್ಟಣಕ್ಕೇ ಹಾಕಿದೆ. ಇನ್ನು ಮೇಲೆ ಎರಡನೆಯ ಬೆಲ್ಲ ಹುಲಿಗೆಮ್ಮನ ಮನಸ್ಸಿನಿಂದ ಹೋಗುತ್ತದೆ, ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಬಿಸಿಲು ಇಳಿದ ದಿನ ಹೊಸ ಡಬ್ಬಿಗಳು ಬರುತ್ತವೆ, ನನ್ನ ಸೊಲ್ಲಿಗೆ ಅವುಗಳ ಮುಂದೆ ಬಾಯಿ ಬರುವುದಿಲ್ಲ. ಪೀರಾಂಬಿ ಆ ಗುರುತನ್ನು ಬಿಡಿಸಲು ಕೂತಿದ್ದಾಳೆ. ಕಂಪ್ಲಿಯವರು, ಸಿರುಗುಪ್ಪದವರು ನಮ್ಮ ನಾಲ್ಕನೆಯ ಊಟದ ಸುದ್ದಿ ಕೇಳಿ ತಾವೂ ಒಪ್ಪಿಗೆ ಕೊಟ್ಟಿಲ್ಲವೆಂದು ಹೇಳಿ ಕಳಿಸಿದ್ದಾರೆ. ಗೆಲ್ಲುತ್ತೇವೆಯೋ ಇಲ್ಲವೋ ಹೇಳಲಾರೆ. ಅಂಗಡಿ ಹೋದರೆ ಮತ್ತೆ ಬುಟ್ಟಿ ಹೊರುತ್ತೇನೆ, ಆ ಓಣಿಗಳು ನನಗೆ ಗೊತ್ತು. ಒಪ್ಪಿಗೆಯನ್ನಂತೂ ಕೊಡುವುದಿಲ್ಲ. ನಯವಾದ ಸೋಮವಾರ ಒಮ್ಮೆ ಬಂದದ್ದು ಸಾಕು.

ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ಪೀರಾಂಬಿ ಹೇಳುತ್ತಾಳೆ, ನಮ್ಮ ಕಾನೂನು ಎಷ್ಟೇ ಗಟ್ಟಿಯಾಗಿದ್ದರೂ ಚಿಲಕ ಕೂರಲು ಸೊಲ್ಲಿನೊಳಗೆ ಒಂದು ಜಾಗ ಬೇಕು, ಆ ಜಾಗವನ್ನು ಮೊಟ್ಟಮೊದಲು ಬಿಟ್ಟವರು ನೀವು, ಅಥವಾ ಬಿಡಬೇಕಾದವರು ನೀವು. ಇವತ್ತು ನಿಮ್ಮ ಮೇಜಿನ ಮೇಲೆ ಯಾರದೋ ದೂರು ಇರುತ್ತದೆ, ಬೇಗ ತಿದ್ದಿ ಎಂದು. ಬೇಗ ತಿದ್ದಿ, ಮೆಟ್ಟಿಲ ಮೇಲೆ ಯಾರೋ ಇದ್ದಾರೆ. ತಿದ್ದುವ ಮೊದಲು ಅದನ್ನು ಹಿಡಿದುಕೊಂಡು ನಿಂತವರನ್ನು ಹುಡುಕಿ ಕೇಳಿ, ಬಾಗಿಲಲ್ಲೂ ಯಾರೋ ಇದ್ದಾರೆ. ಇಬ್ಬರನ್ನೂ ಕೇಳಿದ ಮೇಲೂ ಬೇಡ ಎನ್ನಲು ನಮಗೊಂದು ಜಾಗ ಉಳಿಸಿ. ನೀವು ಎಷ್ಟೇ ಒಳ್ಳೆಯವರಾಗಿರಿ, ನಿಮ್ಮ ಕುರ್ಚಿಗೆ ಆಮೇಲೆ ಬಂದು ಕೂರುವವರು ಯಾರೆಂದು ನನಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಇಲ್ಲಿಗೆ ಮುಗಿಸುತ್ತೇನೆ. ಕಾಗದ ಮುಗಿಯಿತೆಂದು ನಿಮಗೆ ತಿಳಿಯಲಿ ಎಂದು ನಮ್ಮ ಹಳೆಯ ಸೊಲ್ಲಿನ ರೀತಿಯಲ್ಲಿ ಕೊನೆಯ ಸಾಲನ್ನು ಎರಡು ಸಲ ಬರೆಯುತ್ತಿದ್ದೇನೆ. ಅದನ್ನೂ ತಿದ್ದಬೇಡಿ.

ಚಿಲಕವನ್ನು ನಮ್ಮ ಕಡೆಗೆ ಇಡಿ.

ಚಿಲಕವನ್ನು ನಮ್ಮ ಕಡೆಗೆ ಇಡಿ.